ಜೊತೆಗಾರನಿಗೆ ಅಂಕವಿಲ್ಲ

ನವೆಂಬರ್ 10, 2024, ಭಾನುವಾರ

ಇವತ್ತಿನ ಪಾಠ ಕಸ ವಿಂಗಡಣೆ. ಹಳದಿ ಡಬ್ಬಿಗೆ ಪ್ಲಾಸ್ಟಿಕ್, ನೀಲಿ ಡಬ್ಬಿಗೆ ಕಾಗದ, ಕಂದು ಡಬ್ಬಿಗೆ ಹಣ್ಣಿನ ಸಿಪ್ಪೆ. ಬಂಟ್ವಾಳದಿಂದ ಬೆಳಗ್ಗಿನ ಬಸ್ಸು ಹಿಡಿದು, ಸಿದ್ಧಕಟ್ಟೆಯವರೆಗೆ ಒಂದೇ ಕಾಲಿನ ಮೇಲೆ ನಿಂತು ಬಂದು, ಮೂಡುಬಿದಿರೆಯ ತರಗತಿಯಲ್ಲಿ ಕೂತು ನಾನು ಜರ್ಮನರ ಕಸದ ಡಬ್ಬಿಗಳ ಬಣ್ಣ ಬಾಯಿಪಾಠ ಮಾಡಿದೆ.

ಈ ಭಾಷೆಗೆ ನಾನು ಬಂದದ್ದು ಇದಕ್ಕಲ್ಲ. ಸಂಕಪ್ಪಣ್ಣನ ಪ್ರೆಸ್ಸಿಗೆ ಸೇರಿದ ಹೊಸತರಲ್ಲಿ ಕಾರ್ಮಿಕ ಸಂಘವೊಂದರ ಕರಪತ್ರ ಅಚ್ಚಿಗೆ ಬಂದಿತ್ತು. ಜರ್ಮನಿಯ ಗಣಿಗಳ ಬಾಗಿಲಲ್ಲಿ ನೂರು ವರ್ಷದ ಹಿಂದೆ ಹಂಚಿದ್ದ ಹಾಳೆಯ ಅನುವಾದದ ಅನುವಾದ. ಶಾಯಿ ಹರಡಿ ಕೆಟ್ಟ ಪ್ರತಿಯನ್ನು ಮನೆಗೆ ತಂದು ಓದಿದೆ. ಮೈ ಬಿಸಿಯಾಯಿತು. ಅಂದಿನಿಂದ ಪ್ರೆಸ್ಸಿಗೆ ಬಂದ ಕರಪತ್ರಗಳಲ್ಲಿ ನಾನು ಓದದೆ ಬಿಟ್ಟದ್ದಿಲ್ಲ. ನನ್ನ ವಿಶ್ವವಿದ್ಯಾಲಯ ಅದೇ. ಆ ಹಾಳೆಗಳನ್ನು ಅವು ಹುಟ್ಟಿದ ಭಾಷೆಯಲ್ಲೇ ಓದಬೇಕೆಂಬ ಹಟಕ್ಕೆ ಇನ್ನೊಂದು ವಿಶ್ವವಿದ್ಯಾಲಯದ ಅರೆಕಾಲಿಕ ಡಿಪ್ಲೊಮಾಕ್ಕೆ ಸೇರಿದ್ದೇನೆ. ವಾರಕ್ಕೆ ಆರು ದಿನ ಫ್ಲೆಕ್ಸು, ಮದುವೆ ಕಾಗದ. ಏಳನೆಯ ದಿನ ಜರ್ಮನ್ ಭಾಷೆ ಮತ್ತು ಸಂಸ್ಕೃತಿ.

ತರಗತಿಯಲ್ಲಿ ನನ್ನೊಬ್ಬನನ್ನು ಬಿಟ್ಟರೆ ಉಳಿದವರೆಲ್ಲ ನರ್ಸುಗಳು. ಜರ್ಮನಿಯ ವೃದ್ಧಾಶ್ರಮಗಳಿಗೆ ಹೋಗುವ ಸಾಲು. ಒಬ್ಬರಿಗೂ ಭಾಷೆ ಬೇಡ, ಸರ್ಟಿಫಿಕೇಟು ಬೇಕು. ಪಾಠ ಹೇಳುವ ಪುಷ್ಪಾವತಿ ಮೇಡಂ ಗಂಡನ ಕೆಲಸದ ನಿಮಿತ್ತ ಬಹಳ ವರ್ಷ ಅಲ್ಲಿದ್ದು ಈಗ ಊರಿಗೆ ಮರಳಿದವರು. ಗಣಿ ಕಾರ್ಮಿಕರ ಬಗ್ಗೆ ಏನಾದರೂ ಓದಿಸಿ ಎಂದು ಕೇಳಿದೆ. ಮೊದಲು ಅವರ ಕಸ ಎಲ್ಲಿ ಹಾಕಬೇಕು ಅಂತ ಕಲಿ, ಇಲ್ಲದಿದ್ದರೆ ನೆರೆಮನೆಯವರೇ ನಿನ್ನನ್ನು ಹೊರಗೆ ಹಾಕ್ತಾರೆ ಎಂದರು. ನರ್ಸುಗಳೆಲ್ಲ ನಕ್ಕರು.

ನವೆಂಬರ್ 24, ಭಾನುವಾರ

ಹೊಸ ಕರಪತ್ರದ ಕರಡು ಬರೆದಿದ್ದೇನೆ. ತಲೆಬರಹ: ‘ನಮ್ಮ ಅಕ್ಕತಂಗಿಯರು ಮಾರಾಟಕ್ಕಿಲ್ಲ’. ಮುದುಕರನ್ನು ನೋಡಿಕೊಳ್ಳಲು ತನ್ನ ಮಕ್ಕಳಿಗೆ ಪುರುಸೊತ್ತು ಕೊಡದ ದೇಶ ನಮ್ಮ ಊರಿನ ಕೈಗಳನ್ನು ಕೊಂಡೊಯ್ಯುತ್ತಿದೆ ಎಂದು ಮೊದಲ ಸಾಲಿನಲ್ಲೇ ಹೊಡೆದಿದ್ದೇನೆ. ಮಧ್ಯಾಹ್ನದ ಬಿಡುವಿನಲ್ಲಿ ತರಗತಿಯಲ್ಲಿ ಓದಿದೆ.

ಊಟದ ಡಬ್ಬಿ ಮುಚ್ಚುತ್ತಾ ಬೆಳ್ತಂಗಡಿಯ ನರ್ಸ್ ಕೇಳಿದರು: “ಯಾರು ಮಾರಿದ್ದು?”

ವ್ಯವಸ್ಥೆ, ಎಂದೆ.

“ನಾನೇ ಹೋಗುವುದಲ್ವಾ. ಅಣ್ಣನ ಮನೆಯಲ್ಲಿದ್ದೇನೆ ಮಗಳನ್ನು ಕಟ್ಟಿಕೊಂಡು. ಅಣ್ಣ ಒಳ್ಳೆಯವನೇ. ಆದರೆ ನನಗೆ ನನ್ನದೇ ಅಂತ ಒಂದು ಬಾಗಿಲು ಬೇಕು.”

ಅದು ನಿಮ್ಮ ಸುಳ್ಳು ಆಯ್ಕೆ, ಎರಡು ಕತ್ತಲೆಗಳಲ್ಲಿ ಒಂದನ್ನು ಆರಿಸಿ ಎಂದು ವ್ಯವಸ್ಥೆ ಹೇಳುತ್ತದೆ, ನೀವು ಅದನ್ನು ಬೆಳಕೆಂದುಕೊಳ್ಳುತ್ತೀರಿ ಎಂದು ವಿವರಿಸಿದೆ. ಅವರು ಡಬ್ಬಿ ತೊಳೆಯಲು ಎದ್ದು ಹೋದರು. ಪ್ರಜ್ಞೆ ಮೂಡಲು ಸಮಯ ಬೇಕು.

ಡಿಸೆಂಬರ್ 15, ಭಾನುವಾರ

ವಾರವಿಡೀ ಯಕ್ಷಗಾನ ಬಯಲಾಟದ ಫ್ಲೆಕ್ಸುಗಳು. ಬಣ್ಣದ ವಾಸನೆಗೆ ತಲೆಸಿಡಿತ. ಬಸ್ಸಿನಲ್ಲಿ ನಿದ್ದೆ ಹತ್ತಿ ನಿಲ್ದಾಣ ದಾಟಿ ಹೋದೆ. ತರಗತಿಗೆ ತಡ. ಜರ್ಮನರ ಸಮಯಪಾಲನೆಯ ಪಾಠಕ್ಕೇ ತಡ.

ಜನವರಿ 12, 2025, ಭಾನುವಾರ

ಮೌಖಿಕ ಪರೀಕ್ಷೆಗೆ ಜೋಡಿಗಳನ್ನು ಚೀಟಿ ಎತ್ತಿ ಆರಿಸಿದರು. ನನ್ನ ಜೋಡಿ ಬೆಳ್ತಂಗಡಿಯ ನರ್ಸ್, ಜಸೀಲಾ. ಪರೀಕ್ಷೆಯ ಕೊನೆಯ ಭಾಗದಲ್ಲಿ ಇಬ್ಬರೂ ಎದುರುಬದುರು ಕೂತು ಒಂದು ವಿಷಯದ ಬಗ್ಗೆ ಮಾತಾಡಬೇಕು. ಅಂಕ ಇಬ್ಬರಿಗೂ ಬೇರೆಬೇರೆ.

ಅವರ ಮಟ್ಟಿಗೆ ಇದು ದೊಡ್ಡ ವಿಷಯ. ಒಂದು ವೃದ್ಧಾಶ್ರಮ ಅವರಿಗೆ ಕೆಲಸ ಕೊಟ್ಟಾಗಿದೆ. ಏಪ್ರಿಲ್ ಕೊನೆಯೊಳಗೆ ಸರ್ಟಿಫಿಕೇಟು ತಲುಪಿದರೆ ಜಾಗ ಅವರದು, ಇಲ್ಲದಿದ್ದರೆ ಬೇರೆಯವರದು. ಒಂದು ವರ್ಷವಾದ ಮೇಲೆ ಮಗಳನ್ನು ಕರೆಸಿಕೊಳ್ಳಬಹುದು. ಮಗಳ ಹೆಸರು ಶಹಲಾ, ಒಂದನೇ ಕ್ಲಾಸು. ಇಷ್ಟನ್ನು ಅವರು ಜರ್ಮನ್‌ನಲ್ಲೇ ಹೇಳಿದರು, ನಿಧಾನವಾಗಿ, ಒಂದೊಂದು ಪದವನ್ನೂ ಮುಟ್ಟಿ ನೋಡಿ ಇಡುವವರ ಹಾಗೆ. ನಡುವೆ ನಿಂತಾಗಲೆಲ್ಲ ವಾಕ್ಯವನ್ನು ನಾನೇ ಮುಗಿಸಿಕೊಟ್ಟೆ. ಅಭ್ಯಾಸ ಬೇಗ ಮುಗಿಯಿತು.

ಎದುರಾಳಿ ಇಷ್ಟು ಸಪ್ಪೆಯಾದರೆ ಮಾತು ಏಳುವುದು ಹೇಗೆ? ನಾನು ತಾಳಮದ್ದಳೆಯ ಮನೆಯಲ್ಲಿ ಬೆಳೆದವನು. ವೇಷವಿಲ್ಲದೆ, ಕೂತಲ್ಲೇ, ಬರೀ ಮಾತಿನಲ್ಲಿ ಎದುರಿನ ಪಾತ್ರಧಾರಿಯನ್ನು ಕಟ್ಟಿಹಾಕುವ ಆಟ. ಅಪ್ಪನ ಹೆಸರು ಬಾಲಸುಬ್ರಹ್ಮಣ್ಯ ಎಂದರೆ ಮೆಲ್ಕಾರಿನಿಂದ ಬೆಳುವಾಯಿವರೆಗೆ ಗೊತ್ತು. ಎದುರಿನವನು ಉಸಿರು ತೆಗೆದುಕೊಳ್ಳುವಾಗಲೇ ಮುಂದಿನ ಪ್ರಶ್ನೆ ಹಾಕಬೇಕು ಎಂದು ಅವರು ಕಲಿಸಿದ್ದಾರೆ. ಅಪ್ಪನ ದೇವರುಗಳನ್ನು ನಾನು ಬಿಟ್ಟಿದ್ದೇನೆ. ಆ ವಿದ್ಯೆಯನ್ನು ಬಿಡಬೇಕಾಗಿಲ್ಲ.

ಫೆಬ್ರವರಿ 9, ಭಾನುವಾರ

ಗೆದ್ದೆ! ಬರೆದಿಡದಿದ್ದರೆ ನಿದ್ದೆ ಬರಲಿಕ್ಕಿಲ್ಲ.

ಪರೀಕ್ಷಕರು ಇಬ್ಬರು, ಒಬ್ಬರು ಜರ್ಮನ್ ಮಹಿಳೆ. ವಿಷಯ ಹೀಗಿತ್ತು: ನೆರೆಮನೆಯ ವೃದ್ಧೆಗೆ ಎಂಬತ್ತು ತುಂಬುತ್ತದೆ, ಹುಟ್ಟುಹಬ್ಬಕ್ಕೆ ಏನು ಮಾಡಬಹುದು, ಇಬ್ಬರೂ ಸೇರಿ ಯೋಜಿಸಿ. ಜಸೀಲಾ ಕೇಕ್ ಎಂದರು. ಯಾವ ಸಮಾಜ ಈ ವೃದ್ಧೆಯನ್ನು ವರ್ಷವಿಡೀ ಒಂಟಿಯಾಗಿ ಬಿಟ್ಟಿತೋ ಅದೇ ಸಮಾಜ ಒಂದು ದಿನ ಕೇಕ್ ತಂದರೆ ಲೆಕ್ಕ ಚುಕ್ತಾ ಆಯಿತೇ ಎಂದು ಕೇಳಿದೆ. ಅವರು ಹೂವು ಎಂದರು. ಆ ಹೂವು ಬೆಳೆದವರ ಕೂಲಿ ಎಷ್ಟೆಂದು ಕೇಳಿದೆ. ಅವರು ಏನೋ ಹಾಡು ಎಂದು ಶುರು ಮಾಡಿದರು. ಆ ವೃದ್ಧೆಗೆ ಏನು ಬೇಕೆಂದು ಯಾರಾದರೂ ಅವಳನ್ನೇ ಕೇಳಿದ್ದೀರಾ ಎಂದು ಕೇಳಿದೆ. ಅಲ್ಲಿಂದ ಕೊನೆಯವರೆಗೆ ನಾನೇ ಮಾತಾಡಿದೆ, ಒಂದು ತಪ್ಪು ವಿಭಕ್ತಿಯೂ ಇಲ್ಲದೆ. ಜರ್ಮನ್ ಮಹಿಳೆ ನಡುವೆ ಒಮ್ಮೆ ಕೈಯೆತ್ತಿದರು, ಆಮೇಲೆ ನಕ್ಕರು.

ಹೊರಗೆ ಬಂದಾಗ ಜಸೀಲಾ ಬೆಂಚಿನಲ್ಲಿ ಕೂತು ಚಪ್ಪಲಿಯ ಪಟ್ಟಿ ಸರಿ ಮಾಡುತ್ತಿದ್ದರು. ಚೆನ್ನಾಗಿ ಆಯಿತಲ್ಲ ಎಂದೆ. ತಲೆಯೆತ್ತದೆ ಹೌದು ಎಂದರು.

ಫೆಬ್ರವರಿ 22, ಶನಿವಾರ

ಫಲಿತಾಂಶ. ನಾನು ಪಾಸು. ಜೋಡಿ ಭಾಗದಲ್ಲಿ ಮಾತ್ರ ನನಗೆ ಪಾಸಿನ ಅಂಚಿನ ಅಂಕ. ಇದು ಅನ್ಯಾಯ. ಜಸೀಲಾ ಅದೇ ಭಾಗದಲ್ಲಿ ಫೇಲು. ಉಳಿದ ನರ್ಸುಗಳೆಲ್ಲ ಪಾಸು.

ಅಂಕದ ಬಗ್ಗೆ ಕೇಳಲು ಮೇಡಂ ಹತ್ತಿರ ಹೋದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಿನ್ನ ಜರ್ಮನ್ ಒಳ್ಳೇದುಂಟು ಪ್ರಸಾದ. ಅವಳಿಗೆ ಮಾತಾಡ್ಲಿಕ್ಕೆ ಜಾಗ ಎಲ್ಲಿತ್ತು ಹೇಳು.”

ಅವರು ಉತ್ತರ ಕೊಡಬಹುದಿತ್ತು, ಎಂದೆ.

“ಅದು ತಾಳಮದ್ದಳೆ ಅಲ್ಲ ಮಾರಾಯ. ಒಬ್ಬ ಅಜ್ಜಿಯ ಹುಟ್ಟುಹಬ್ಬ.”

ಫೆಬ್ರವರಿ 23, ಭಾನುವಾರ

ತಪ್ಪು ಪರೀಕ್ಷೆಯದು. ನಯವಾಗಿ ಒಪ್ಪಿಕೊಳ್ಳುವವರಿಗೆ ಅಂಕ ಕೊಟ್ಟು ಪ್ರಶ್ನಿಸುವವರಿಗೆ ಕತ್ತರಿ ಹಾಕುವ ಪರೀಕ್ಷೆ. ಇದರ ಮೇಲೆ ಬರೆಯಬೇಕು ಎಂದು ಕೂತೆ. ತಲೆಬರಹವೂ ಹೊಳೆಯಲಿಲ್ಲ.

ಮಾರ್ಚ್ 1, ಶನಿವಾರ

ಇಪ್ಪತ್ತಮೂರಕ್ಕೆ ಮರುಪರೀಕ್ಷೆ ಉಂಟು. ಆ ಒಂದು ಭಾಗವನ್ನು ಮಾತ್ರ ಮತ್ತೆ ಬರೆದರೆ ಸಾಕು, ಅಂದರೆ ಮಾತಾಡಿದರೆ ಸಾಕು. ಬರುವವರು ಜಸೀಲಾ ಒಬ್ಬರೇ. ಎದುರು ಕೂರಲು ಪಾಸಾದ ಯಾರಾದರೂ ಬರಬೇಕು. ಜೊತೆಗಾರನಿಗೆ ಅಂಕವಿಲ್ಲ ಎಂದು ನಿಯಮದಲ್ಲಿ ಉಂಟಂತೆ. ಉಳಿದವರಿಗೆಲ್ಲ ಡ್ಯೂಟಿ, ವೀಸಾ ಓಡಾಟ. ನೀನು ಬರ್ತೀಯಾ ಎಂದು ಮೇಡಂ ಕೇಳಿದರು. ಬರುತ್ತೇನೆ ಎಂದೆ. ಅವಳು ಬೇಡ ಅಂತಾಳೆ, ನೀನೇ ಹೋಗಿ ಕೇಳು ಎಂದರು.

ಪ್ರೆಸ್ಸಿಗೆ ರಜೆ ಹಾಕಿ ಬೆಳ್ತಂಗಡಿಗೆ ಹೋದೆ. ಆಸ್ಪತ್ರೆಯ ಪಾಳಿ ಮುಗಿಸಿ ಅವರು ಚಾರ್ಮಾಡಿ ಬಸ್ಸಿಗೆ ನಿಂತಿದ್ದರು. ನಾನು ವಿಷಯ ಹೇಳಿದೆ. ಅವರು ರಸ್ತೆಯನ್ನೇ ನೋಡುತ್ತಾ ಬೇಡ ಎಂದರು. ಹೀಗೆ ರಸ್ತೆಬದಿಯಲ್ಲಿ ಯಾಕೆ, ಬೇಕರಿಯಲ್ಲಿ ಕೂತು ಮಾತಾಡುವ ಎಂದೆ. ಅವರು ಸುತ್ತ ನೋಡಿದರು. ನಾವು ಯಾರಿಗೂ ಹೆದರಬೇಕಾಗಿಲ್ಲ, ಹೆದರಿದಷ್ಟೂ ಬೇರೆ ಧರ್ಮದವರು ಒಟ್ಟಿಗೆ ಕೂತರೆ ತಡೆಯುವವರಿಗೆ ಬಲ ಬರುತ್ತದೆ ಎಂದು ಹೇಳಿ ನಾನು ಒಳಗೆ ಹೋಗಿ ಕೂತೆ. ಅವರೂ ಬಂದರು. ಎರಡು ಲೈಮ್ ಸೋಡಾ ಹೇಳಿದೆ.

ಸೋಡಾ ಬರುವ ಮೊದಲೇ ಪಕ್ಕದ ಮೇಜಿನ ಇಬ್ಬರು ಹುಡುಗರ ಕೈಯಲ್ಲಿ ಮೊಬೈಲು ನಮ್ಮ ಕಡೆ ನೆಟ್ಟಗೆ ನಿಂತಿತ್ತು.

“ನಿಮಗೆ ಹೆದರಿಕೆ ಇಲ್ಲ, ಸರಿ,” ಎಂದರು ಜಸೀಲಾ. ದನಿ ಏರಿರಲಿಲ್ಲ. “ವಿಡಿಯೊ ಹೋಗುವುದು ನನ್ನ ಅಣ್ಣನ ಫೋನಿಗೆ. ಆಮೇಲೆ ನನ್ನ ಆಸ್ಪತ್ರೆಯವರ ಫೋನಿಗೆ. ನೀವು ಒಂದು ಭಾಷಣ ಮಾಡಿ ಬಸ್ಸು ಹತ್ತುತ್ತೀರಿ.”

ನಾನು ಎದ್ದು ಆ ಹುಡುಗರ ಹತ್ತಿರ ಹೋದೆ. ವ್ಯಕ್ತಿಯ ಖಾಸಗಿತನದ ಬಗ್ಗೆ, ಸಂವಿಧಾನದ ಬಗ್ಗೆ ಹೇಳಿದೆ. ನಾವು ಕ್ರಿಕೆಟ್ ಸ್ಕೋರು ನೋಡುವುದು ಅಣ್ಣ, ನಿಮಗೆ ಎಂತ ಪ್ರಾಬ್ಲಮ್ ಎಂದರು. ತಿರುಗಿ ನೋಡಿದರೆ ಜಸೀಲಾ ಅವರ ಕುರ್ಚಿ ಖಾಲಿ. ಚಾರ್ಮಾಡಿ ಬಸ್ಸು ಹೊರಟಿತ್ತು.

ಎರಡೂ ಸೋಡಾ ನಾನೇ ಕುಡಿದೆ.

ಮಾರ್ಚ್ 2, ಭಾನುವಾರ

ಗುರುತಿಲ್ಲದ ನಂಬರಿನಿಂದ ಕರೆ. ಜಸೀಲಾ ಅವರ ಅಣ್ಣ ಮುಝಮ್ಮಿಲ್, ಪಿಕಪ್ ಓಡಿಸುವವರು. ನಾನು ಮನಸ್ಸಿನಲ್ಲೇ ಒಂದು ಪ್ರತಿಭಟನೆಗೆ ತಯಾರಾದೆ.

“ನೀನಾ ಮಾರಾಯ ನನ್ನ ತಂಗಿಯನ್ನು ಫೇಲ್ ಮಾಡಿಸಿದ್ದು?”

ಅದು ಹಾಗಲ್ಲ ಎಂದು ಶುರು ಮಾಡಿದೆ.

“ಹೇಗೆ ಅಂತ ಅವಳು ಹೇಳಿದ್ದಾಳೆ. ಈಗ ಪಾಸ್ ಮಾಡಿಸು. ಬೇಕರಿ ಗೀಕರಿ ಬೇಡ. ಟೀಚರ ಮನೆಗೆ ನಾನೇ ತಂದು ಬಿಡ್ತೇನೆ, ನಾನೇ ಕರ್ಕೊಂಡು ಬರ್ತೇನೆ. ನೀನು ಸ್ವಲ್ಪ ಬಾಯಿ ಮುಚ್ಚಿ ಕೂತ್ಕೋ, ಅಷ್ಟೇ ನಿನ್ನ ಕೆಲಸ.”

ವಿಡಿಯೊ ಬಂತೇ ಎಂದು ಕೇಳಿದೆ. ಬಂತು, ಅದರಲ್ಲಿ ನೀನು ಕೈ ಬೀಸಿ ಎಂತದೋ ಪಾಠ ಮಾಡುವುದು ಮಾತ್ರ ಉಂಟು, ಅವಳು ಕಾಣುವುದಿಲ್ಲ ಎಂದರು. ನಕ್ಕ ಹಾಗೆ ಕೇಳಿಸಿತು.

ಮಾರ್ಚ್ 9, ಭಾನುವಾರ

ಮೇಡಂ ಮನೆಯ ಜಗಲಿಯಲ್ಲಿ ಅಭ್ಯಾಸ. ಮುಝಮ್ಮಿಲ್ ಪಿಕಪ್ಪಿನಲ್ಲೇ ಮಲಗಿದ್ದರು. ಉಪವಾಸದ ತಿಂಗಳು. ಜಸೀಲಾ ಪಾಳಿ ಮುಗಿಸಿ ನೇರ ಬಂದಿದ್ದರು, ತುಟಿ ಒಣಗಿತ್ತು. ಮೇಡಂ ನನಗೊಬ್ಬನಿಗೆ ಚಹಾ ತಂದಿಟ್ಟರು. ಉಪವಾಸ ಶ್ರಮಿಕರ ದೇಹಕ್ಕೆ ಒಳ್ಳೆಯದಲ್ಲವೆಂದು ಒಂದು ಕರಪತ್ರದಲ್ಲಿ ಓದಿದ್ದನ್ನು ಹೇಳಿದೆ. ಜಸೀಲಾ ಪುಸ್ತಕ ತೆರೆದರು.

ಮೇಡಂ ಒಂದು ಕಟ್ಟು ಹಾಕಿದ್ದಾರೆ: ನಾನು ಒಂದು ವಾಕ್ಯ ಹೇಳಬೇಕು, ಅದರ ಹಿಂದೆಯೇ ಒಂದು ಪ್ರಶ್ನೆ ಕೇಳಬೇಕು, ಆಮೇಲೆ ಬಾಯಿ ತೆರೆಯಬಾರದು. ಕೇಳಿದರೆ ಸುಲಭ. ಎದುರಿನವರು ಪದ ಹುಡುಕುತ್ತಿರುವಾಗ ಸುಮ್ಮನೆ ಕೂರುವುದು ಎಷ್ಟು ಹಿಂಸೆ ಎಂದು ನನಗೆ ಗೊತ್ತಿರಲಿಲ್ಲ. ಪದ ನನ್ನ ನಾಲಿಗೆಯ ತುದಿಯಲ್ಲಿರುತ್ತದೆ, ಕೊಡುವಂತಿಲ್ಲ.

ಒಮ್ಮೆ ಜಸೀಲಾ ಅರ್ಧದಲ್ಲಿ ನಿಲ್ಲಿಸಿ ಕನ್ನಡದಲ್ಲಿ ಹೇಳಿದರು: “ನಾನು ಮಾತಾಡುವಾಗ ನೀವು ಉತ್ತರ ತಯಾರು ಮಾಡ್ತಾ ಇರ್ತೀರಿ. ನಿಮ್ಮ ಕಣ್ಣಿನಲ್ಲಿ ಕಾಣ್ತದೆ. ಆಗ ನನಗೆ ಎಲ್ಲ ಮರೆತು ಹೋಗ್ತದೆ.”

ನಾನು ಕಣ್ಣನ್ನು ಪುಸ್ತಕಕ್ಕೆ ಇಳಿಸಿದೆ. ಹೇಳಲು ಇತ್ತು.

ಮಾರ್ಚ್ 12, ಬುಧವಾರ

ಆಸ್ಪತ್ರೆಯಿಂದ ಚಾರ್ಮಾಡಿಗೆ ಹೋಗುವ ಬಸ್ಸಿನಲ್ಲಿ ಅವರಿಗೆ ಸೀಟು ಸಿಕ್ಕಿದರೆ ಫೋನಿನಲ್ಲಿ ಅಭ್ಯಾಸ. ಇವತ್ತು ಸಿಕ್ಕಿತು. ನಾನು ಪ್ರೆಸ್ಸಿನ ಹಿಂದೆ ಕಾಗದದ ಕಟ್ಟುಗಳ ಮೇಲೆ ಕೂತು ಒಂದು ಕಿವಿ ಮುಚ್ಚಿಕೊಂಡೆ. ಬಸ್ಸಿನ ಹಾರನ್ನು, ಕಂಡಕ್ಟರನ ಕೂಗು, ನಡುವೆ ಜರ್ಮನ್. ಶಹಲಾ ಶಾಲೆಯಲ್ಲಿ ಯಾರ ಜೊತೆಯೋ ಮುನಿಸಿಕೊಂಡು ಪೆನ್ಸಿಲ್ ಮುರಿದಳಂತೆ. ಅದು ಪಠ್ಯದಲ್ಲಿಲ್ಲದ ವಿಷಯ. ಮುರಿಯುವುದಕ್ಕೆ ಪದ ಸಿಗದೆ ಅವರು ‘ಒಂದು ಪೆನ್ಸಿಲ್ ಈಗ ಎರಡು ಪೆನ್ಸಿಲ್’ ಎಂದರು. ನಾನು ಪದ ಕೊಡಲಿಲ್ಲ. ಬೇಕೆನಿಸಲಿಲ್ಲ.

ಸಂಕಪ್ಪಣ್ಣ ಬಂದು, ಎಂತ ಮಾರಾಯ ಫೋನು ಹಿಡಿದು ಹೂಂ ಹೂಂ ಅಂತ ಕೂತಿದ್ದೀ, ಹುಷಾರಿಲ್ವಾ ಎಂದು ಕೇಳಿದರು.

ಮಾರ್ಚ್ 16, ಭಾನುವಾರ

ವಾರವಿಡೀ ಎರಡು ಪಾಳಿಯ ಕೆಲಸ. ಕಣ್ಣು ಉರಿ. ಚುನಾವಣೆಯೂ ಇಲ್ಲ, ಆದರೂ ಎಲ್ಲರಿಗೂ ಶುಭಾಶಯದ ಫ್ಲೆಕ್ಸು ಬೇಕು. ‘ಮಾರಾಟಕ್ಕಿಲ್ಲ’ ಕರಪತ್ರ ಅಚ್ಚು ಹಾಕುವುದಾದರೆ ಈ ವಾರ ಅಚ್ಚಿನ ಮಿಷನ್ ಖಾಲಿ ಇರುತ್ತದೆ ಎಂದು ಸಂಕಪ್ಪಣ್ಣ ನೆನಪಿಸಿದರು. ಮೊದಲ ಸಾಲು ಸರಿಯಿಲ್ಲ, ನೋಡಬೇಕು ಎಂದೆ.

ಇವತ್ತೂ ಜಗಲಿ. ಮೇಡಂಗೆ ಚಹಾ ಬೇಡವೆಂದೆ. ಬಿಸಿಲಿಗೆ ಚಹಾ ಹಿಡಿಸುವುದಿಲ್ಲ.

ಜಸೀಲಕ್ಕನಿಗೆ ಇವತ್ತು ಒಂದು ಕಡೆ ಸಿಟ್ಟು ಬಂತು. ನಾನು ಸುಮ್ಮನೆ ಎಲ್ಲದಕ್ಕೂ ಒಪ್ಪಿದೆನೆಂದು. ಹೀಗೆ ತಲೆ ಆಡಿಸಿದರೆ ನಾನು ಯಾರ ಜೊತೆ ಮಾತಾಡುವುದು, ಗೋಡೆ ಜೊತೆಯಾ ಎಂದು ಕೇಳಿದರು. ಮೊದಲು ಹೆಚ್ಚಾಯಿತು, ಈಗ ಕಡಿಮೆಯಾಯಿತು. ಮೇಡಂ ಒಳಗಿನಿಂದ ನಗುತ್ತಿದ್ದರು.

ಮಾರ್ಚ್ 20, ಗುರುವಾರ

ಬೆಳುವಾಯಿಯಲ್ಲಿ ಶನಿವಾರ ಸಂಜೆ ತಾಳಮದ್ದಳೆ, ಒಬ್ಬರು ಪಾತ್ರಧಾರಿ ಬರುವುದಿಲ್ಲ, ನೀನು ಕೂರು ಎಂದು ಅಪ್ಪ ಹೇಳಿದರು. ಮರುದಿನ ಪರೀಕ್ಷೆ ಎಂದೆ. ಪಾಸಾಗಿದೆಯಲ್ಲ ಎಂದರು. ಹೌದು, ನನ್ನ ಪರೀಕ್ಷೆ ಅಲ್ಲ ಎಂದೆ. ಅಪ್ಪನಿಗೆ ಅರ್ಥವಾಗಲಿಲ್ಲ. ವಿವರಿಸಲು ಹೊರಟರೆ ನನಗೂ ಉದ್ದವಾಗುತ್ತದೆ.

ಮಾರ್ಚ್ 23, ಭಾನುವಾರ

ಅದೇ ಕೋಣೆ, ಅದೇ ಜರ್ಮನ್ ಮಹಿಳೆ. ನನ್ನನ್ನು ನೋಡಿ ಅವರು ಪಕ್ಕದವರಿಗೆ ಏನೋ ಹೇಳಿದರು. ಜಸೀಲಕ್ಕ ಕೂತ ಕೂಡಲೇ ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡರು. ಬೆಳಗಿನ ಜಾವದಿಂದ ನೀರು ಮುಟ್ಟಿರಲಿಲ್ಲ.

ವಿಷಯ: ಸಹೋದ್ಯೋಗಿಯೊಬ್ಬರು ಆಸ್ಪತ್ರೆಯಲ್ಲಿದ್ದಾರೆ, ನೋಡಲು ಹೋಗುವುದನ್ನು ಇಬ್ಬರೂ ಯೋಜಿಸಿ.

ನಾನು ಒಂದು ವಾಕ್ಯ ಹೇಳಿದೆ. ಭಾನುವಾರ ಬೆಳಿಗ್ಗೆ ನಾವೆಲ್ಲ ಒಟ್ಟಿಗೆ ಹೋಗಬಹುದು, ನಿಮಗೆ ಹೇಗನಿಸುತ್ತದೆ?

ಅವರ ಬಾಯಿ ತೆರೆದಿತ್ತು, ಪದ ಬರಲಿಲ್ಲ. ತಲೆಯ ಮೇಲೆ ಫ್ಯಾನು ಕಟಕಟ ಎನ್ನುತ್ತಿತ್ತು. ಜರ್ಮನ್ ಮಹಿಳೆ ಪೆನ್ನು ಎತ್ತಿದರು. ಹೊರಗೆ ಯಾರೋ ಬೈಕ್ ಸ್ಟಾರ್ಟ್ ಮಾಡಿ, ಅದು ನಿಂತು, ಮತ್ತೆ ಸ್ಟಾರ್ಟ್ ಮಾಡಿದರು. ನನಗೆ ಹೇಳಲು ಬೇಕಾದಷ್ಟು ಇತ್ತು. ಎದುರಿನವರ ಮಾತು ಬಿದ್ದಾಗ ಸಭೆ ಕಳೆಗುಂದದಂತೆ ಎತ್ತಿಕೊಳ್ಳಬೇಕು ಎಂಬುದು ರಕ್ತದಲ್ಲಿ ಕೂತ ಪಾಠ. ನಾಲಿಗೆ ಹಲ್ಲಿಗೆ ಒತ್ತಿತು. ನಾನು ಅವರ ಮುಖ ನೋಡಿದೆ, ಆಮೇಲೆ ನೋಡುವುದೂ ಒತ್ತಾಯವಾಗಬಹುದೆಂದು ಮೇಜು ನೋಡಿದೆ. ಎಷ್ಟು ಹೊತ್ತು ಗೊತ್ತಿಲ್ಲ. ಇವರ ಏಪ್ರಿಲ್ ಇಲ್ಲೇ ಮುಗಿಯುತ್ತದೆ, ಎರಡನೇ ಸಲವೂ ನನ್ನ ಎದುರೇ, ಎಂದು ಅನಿಸಿತು.

“ನೈನ್,” ಎಂದರು ಜಸೀಲಕ್ಕ. ಇಲ್ಲ, ಎಂದು.

ನಾನು ತಲೆಯೆತ್ತಿದೆ.

ಬೆಳಿಗ್ಗೆ ಬೇಡ, ಬೆಳಿಗ್ಗೆ ಸ್ನಾನ, ಬೆಳಿಗ್ಗೆ ಡಾಕ್ಟರು ಬರುತ್ತಾರೆ ಎಂದರು. ಎಲ್ಲರೂ ಬೇಡ, ಅವನಿಗೆ ಸುಸ್ತಾಗುತ್ತದೆ, ಇಬ್ಬರು ಸಾಕು. ವ್ಯಾಕರಣ ಅಲ್ಲಲ್ಲಿ ಮುರಿಯಿತು, ಅವರು ನಿಲ್ಲಲಿಲ್ಲ. ಹಾಗಾದರೆ ಮನೆಯ ಅಡುಗೆ ತೆಗೆದುಕೊಂಡು ಹೋಗುವ ಎಂದೆ. ಅದಕ್ಕೂ ನೈನ್. ಮೊದಲು ವಾರ್ಡಿನಲ್ಲಿ ಕೇಳಬೇಕು, ಕೇಳದೆ ತಂದರೆ ನರ್ಸಿಗೆ ಬೈಗುಳ ಎಂದರು. ಜರ್ಮನ್ ಮಹಿಳೆಗೆ ನಗು ಬಂತು. ಆದರೆ ಅವನಿಗೆ ಮನೆಯ ಊಟದ ಆಸೆ ಇದ್ದರೆ ಎಂದು ನಾನು ಪಟ್ಟು ಹಿಡಿದೆ, ಯಾಕೆಂದರೆ ಗೋಡೆಯಾಗಬಾರದು. ಜಸೀಲಕ್ಕನ ಕೈಗಳು ಮೇಜಿನ ಮೇಲೆ ಬಂದಿದ್ದವು. ಆಸೆ ಇದ್ದರೆ ಅವನು ಬೇಗ ಗುಣವಾಗಲಿ, ಮನೆಗೆ ಹೋಗಿ ತಿನ್ನಲಿ ಎಂದರು.

ಇದಕ್ಕೆ ನನ್ನ ಹತ್ತಿರ ಉತ್ತರವಿತ್ತು. ಒಳ್ಳೆಯ ಉತ್ತರವೇ. “ಗೂಟ್,” ಎಂದೆ. ಸರಿ, ನೀವು ಹೇಳಿದ ಹಾಗೆ ಮಾಡುವ.

ಹೊರಗೆ ಮುಝಮ್ಮಿಲ್ ಪಿಕಪ್ಪಿಗೆ ಒರಗಿ ನಿಂತಿದ್ದರು. ಹೇಗಾಯ್ತು ಎಂದು ನನ್ನನ್ನು ಕೇಳಿದರು. ನಿಮ್ಮ ತಂಗಿ ನನಗೆ ಎಲ್ಲದಕ್ಕೂ ಬೇಡ ಅಂತ ಹೇಳಿದರು ಎಂದೆ. ಮನೆಯಲ್ಲಿಯೂ ಹಾಗೇ ಎಂದರು.

ಬಸ್ಸಿನಲ್ಲಿ ಸೀಟು ಸಿಕ್ಕಿತು. ಬಂಟ್ವಾಳದವರೆಗೆ ಎಚ್ಚರವಾಗಲಿಲ್ಲ.

ಏಪ್ರಿಲ್ 5, ಶನಿವಾರ

ಮಧ್ಯಾಹ್ನ ಪ್ರೆಸ್ಸಿನಲ್ಲಿರುವಾಗ ಜಸೀಲಕ್ಕನ ಕರೆ. ಪಾಸು. ಸರ್ಟಿಫಿಕೇಟಿನ ಪ್ರತಿಯನ್ನು ಮೇಡಂ ನಿನ್ನೆಯೇ ವೃದ್ಧಾಶ್ರಮಕ್ಕೆ ಕಳಿಸಿದ್ದರು, ಅಲ್ಲಿಂದ ಉತ್ತರವೂ ಬಂದಿದೆ. ಜಾಗ ಅವರದೇ. ಜೂನ್‌ನಲ್ಲಿ ಹೊರಡಬೇಕು.

ಈ ಕರೆ ಬರುತ್ತದೆಂದು ನಾನು ಒಂದು ಹಾಳೆ ಬರೆದಿಟ್ಟುಕೊಂಡಿದ್ದೆ. ಅಲ್ಲಿನ ಕೆಲಸದ ಅವಧಿಯ ಕಾನೂನು, ನರ್ಸುಗಳ ಸಂಘಕ್ಕೆ ಸೇರುವುದು ಹೇಗೆ, ಯಾವ ಕಾಗದಕ್ಕೆ ಓದದೆ ಸಹಿ ಹಾಕಬಾರದು. ಎಲ್ಲ ನಾನೇ ಜರ್ಮನ್‌ನಲ್ಲಿ ಓದಿ ತಿಳಿದುಕೊಂಡದ್ದು. ಹಾಳೆ ಮೇಜಿನ ಮೇಲೆ ಎದುರಿಗೇ ಇತ್ತು.

ಅವರು ಹೇಳುತ್ತಾ ಹೋದರು. ಶಹಲಾಳಿಗೆ ಇನ್ನೂ ಹೇಳಿಲ್ಲ. ಅಣ್ಣ ಹೇಳಬಹುದಿತ್ತು, ಆದರೆ ತಾನೇ ಹೇಳಬೇಕು. ನಿನ್ನೆ ತಲೆ ಬಾಚುವಾಗ ಹೇಳಲು ಹೊರಟರು, ಹೆಣೆದು ಮುಗಿದರೂ ಹೇಳಲಾಗಲಿಲ್ಲ. ಒಂದು ವರ್ಷ ಎಂದರೆ ಅವಳಿಗೆ ಎಷ್ಟು ಅಂತ ಹೇಗೆ ತೋರಿಸುವುದು. ಅಲ್ಲಿಗೆ ಮಾತು ನಿಂತಿತು. ಬಸ್ ನಿಲ್ದಾಣದ ಗದ್ದಲ ಮಾತ್ರ ಕೇಳುತ್ತಿತ್ತು. ಬಹಳ ಹೊತ್ತಿನ ಮೇಲೆ ಮೂಗು ಒರೆಸಿಕೊಂಡ ಸದ್ದು. ಆಮೇಲೆ, ನಾಳೆ ಹೇಳ್ತೇನೆ ಪ್ರಸಾದ್, ಬೆಳಿಗ್ಗೆಯೇ ಹೇಳಿಬಿಡ್ತೇನೆ ಎಂದರು. ಹೂಂ ಎಂದೆ. ಬಸ್ಸು ಬಂತು ಎಂದು ಫೋನಿಟ್ಟರು.

ಹಾಳೆ ಹಾಗೇ ಇತ್ತು. ಅದರಲ್ಲಿನ ಒಂದು ಸಾಲೂ ಹೇಳಲಿಲ್ಲ, ಹೇಳಬೇಕೆಂಬ ನೆನಪೇ ಆಗಲಿಲ್ಲ. ಇತ್ತೀಚೆಗೆ ಮರೆವು ಹೆಚ್ಚಾಗಿದೆ. ನಿದ್ದೆ ಸಾಲದೆ ಇರಬೇಕು.